ಮಿನಿಮಲಿಸಂ, ಟೆಕ್ನೋ ಮತ್ತು ಕಿರಾಣಾ ಗಾಯನ

ಮಿನಿಮಲಿಸಂ ಮತ್ತು ಟೆಕ್ನೋ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಎರಡು ಸಂಗೀತ ಪ್ರಕಾರಗಳು. ಮೊದಲನೆಯದು ಸಭಾಂಗಣದ ಸಂಗೀತ, ಎರಡನೆಯದು ಯಂತ್ರಗಳಿಂದ ನುಡಿಸುವ ಕುಣಿತದ ಸಂಗೀತ. ಕೆಲವೇ ಸ್ವರಗಳು, ಬಿಡದೆ ಮೊಳಗುವ ಆಧಾರಶ್ರುತಿ, ಮರುಕಳಿಸುವ ಲಯ, ಕೇಳುಗನ ಕಿವಿಗೆ ನಿಧಾನವಾಗಿ ಗೋಚರಿಸುವ ಬದಲಾವಣೆ ಇವು ಎರಡಕ್ಕೂ ಸಮಾನವಾದ ಲಕ್ಷಣಗಳು. ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಇಂದು ರಚನೆಯಾಗುತ್ತಿರುವ ಕೃತಿಗಳ ಮೇಲೆ ಇವೆರಡರ ಪ್ರಭಾವ ಆಳವಾದುದು. ಮಿನಿಮಲಿಸಂ ಮುಂದೆ ಹಿಂದುಸ್ತಾನಿ ಸಂಗೀತದ ಕಿರಾಣಾ ಘರಾನೆಯ (ಗಾಯನ ಪರಂಪರೆಯ) ಒಂದು ಕವಲಿನಿಂದ ಬಹಳಷ್ಟನ್ನು ಪಡೆಯಿತು. ಅದೇ ಘರಾನೆಯ ಇನ್ನೊಂದು ಕವಲು ಕುಂದಗೋಳ, ಗದಗ, ಹುಬ್ಬಳ್ಳಿ, ಧಾರವಾಡಗಳಲ್ಲಿ ಬೆಳೆಯಿತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಸಂಗೀತಕ್ಕೂ ನ್ಯೂಯಾರ್ಕಿನ ಮಿನಿಮಲಿಸ್ಟರಿಗೂ ಇರುವ ನಂಟು ತಂದೆ-ಮಕ್ಕಳದ್ದಲ್ಲ, ಒಂದೇ ಮನೆತನದಿಂದ ಒಡೆದ ದಾಯಾದಿಗಳದ್ದು. ಆ ನಂಟಿನ ಸ್ವರೂಪ, ಮುಂದೆ ಅದು ಪಡೆದ ತಿರುವುಗಳು ಮತ್ತು ಅದರ ಮಿತಿಗಳನ್ನು ಇಲ್ಲಿ ಸಮೀಕ್ಷಿಸಲಾಗಿದೆ.

ಲಕ್ಷಣಗಳು

1950ರ ದಶಕದ ಯೂರೋಪು-ಅಮೆರಿಕಗಳ ಹೊಸ ಶಾಸ್ತ್ರೀಯ ರಚನೆ ಬಹಳ ಜಟಿಲವಾಗಿತ್ತು. ಹನ್ನೆರಡು ಸ್ವರಗಳನ್ನೂ ಸಮಾನವಾಗಿ ಬಳಸಬೇಕು, ಯಾವುದೂ ಆಧಾರಸ್ವರವಾಗಿ ನಿಲ್ಲಬಾರದು, ಯಾವ ಲಯವೂ ಸ್ಥಿರವಾಗಬಾರದು ಎಂಬ ಧೋರಣೆ ಆಗ ಬಲವಾಗಿತ್ತು. ಅದಕ್ಕೆ ಬೆನ್ನು ತಿರುಗಿಸಿದ ಯುವಕರ ಸಂಗೀತಕ್ಕೆ ಮಿನಿಮಲ್ ಎಂಬ ಹೆಸರು 1960ರ ದಶಕದ ಕೊನೆಯಲ್ಲಿ ಬಂತು. ಇಂಗ್ಲೆಂಡಿನ ವಿಮರ್ಶಕ, ರಚನಕಾರ ಮೈಕೆಲ್ ನೈಮನ್ 1968ರಲ್ಲಿ ಈ ಪದವನ್ನು ಸಂಗೀತಕ್ಕೆ ಅನ್ವಯಿಸಿದನು.

ಈ ಸಂಗೀತದಲ್ಲಿ ಎರಡು ಧಾರೆಗಳಿವೆ. ಒಂದು ಶ್ರುತಿಪ್ರಧಾನ ಧಾರೆ. ಲಾ ಮಾಂಟ್ ಯಂಗ್ (ಜನನ 1935) 1958ರಲ್ಲಿ ಬರೆದ ಮೂರು ತಂತಿವಾದ್ಯಗಳ ಕೃತಿಯಲ್ಲಿ ಒಂದೊಂದು ಸ್ವರವೂ ಅಸಾಧಾರಣ ದೀರ್ಘಕಾಲ ನಿಲ್ಲುತ್ತದೆ. 1960ರ ಅವನ ಇನ್ನೊಂದು ಕೃತಿಯಲ್ಲಿರುವುದು ಎರಡೇ ಸ್ವರ; ಅವನ್ನು ಬಹುಹೊತ್ತು ಹಿಡಿದು ನಿಲ್ಲಿಸಬೇಕೆಂಬುದೇ ವಾದಕನಿಗೆ ಇರುವ ಸೂಚನೆ. ಇನ್ನೊಂದು ಲಯಪ್ರಧಾನ ಧಾರೆ. ಟೆರಿ ರೈಲಿ (ಜನನ 1935) 1964ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮೊದಲು ಪ್ರಯೋಗಿಸಿದ 'ಇನ್ ಸಿ' ಕೃತಿಯಲ್ಲಿ 53 ಚಿಕ್ಕ ಸ್ವರಪುಂಜಗಳಿವೆ. ಎಷ್ಟು ಜನ ಬೇಕಾದರೂ ನುಡಿಸಬಹುದು; ಪ್ರತಿ ವಾದಕ ಒಂದೊಂದು ಪುಂಜವನ್ನು ತನಗೆ ಬೇಕಾದಷ್ಟು ಸಲ ನುಡಿಸಿ ಮುಂದಿನದಕ್ಕೆ ಹೋಗುತ್ತಾನೆ. ಎಲ್ಲರನ್ನೂ ಕೂಡಿಸಿ ಹಿಡಿಯುವುದು ಒಂದೇ ಸ್ವರದ ಸತತ ಮಿಡಿತ. ಸ್ಟೀವ್ ರೈಶ್ (ಜನನ 1936) ಒಂದೇ ಧ್ವನಿಸುರುಳಿಯ ಎರಡು ಪ್ರತಿಗಳನ್ನು ಏಕಕಾಲಕ್ಕೆ ಓಡಿಸಿ, ಅವು ಕೂದಲೆಳೆಯಷ್ಟು ಹಿಂದೆಮುಂದಾಗುತ್ತ ಹೊಸ ಲಯವಿನ್ಯಾಸ ಮೂಡಿಸುವುದನ್ನು 1965ರಲ್ಲಿ ಕಂಡುಕೊಂಡನು. 1967ರಲ್ಲಿ ಅದನ್ನೇ ಎರಡು ಪಿಯಾನೋಗಳಿಗೆ ಅಳವಡಿಸಿದನು. ಫಿಲಿಪ್ ಗ್ಲಾಸ್ (ಜನನ 1937) ಚಿಕ್ಕ ಪುಂಜಕ್ಕೆ ಒಂದೊಂದೇ ಮಾತ್ರೆ ಕೂಡಿಸುತ್ತ, ಕಳೆಯುತ್ತ ಹೋಗುವ ಕ್ರಮವನ್ನು ರೂಢಿಸಿದನು.

ಗದಗ ಸೀಮೆಯ ಸಂಗೀತ ಪರಿಸರ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾದ ಗದಗ ಜಿಲ್ಲೆ ಹಿಂದುಸ್ತಾನಿ ಸಂಗೀತದ ದಕ್ಷಿಣದ ಅಂಚಿನಲ್ಲಿದೆ. ಇಲ್ಲಿ ಈ ಸಂಗೀತ ಬೇರೂರಲು ಮೂರು ಕಾರಣಗಳಿವೆ. ಮರಾಠಿ ಸಂಸ್ಥಾನಗಳ ಒಡನಾಟ ಒಂದು. ಲಕ್ಷ್ಮೇಶ್ವರ ಸ್ವಾತಂತ್ರ್ಯದವರೆಗೂ ಹಿರಿಯ ಮಿರಜ ಸಂಸ್ಥಾನಕ್ಕೆ ಸೇರಿದ ತಾಲ್ಲೂಕಾಗಿತ್ತು. ನೆರೆಯ ಕುಂದಗೋಳ ಜಮಖಂಡಿ ಸಂಸ್ಥಾನದಲ್ಲಿತ್ತು. ತಂಬೂರಿ, ಸಿತಾರ್ ತಯಾರಿಕೆಗೆ ಹೆಸರಾದ ಮಿರಜ ಕಿರಾಣಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂಖಾನರ ನೆಲೆಯೂ ಆಗಿತ್ತು. ಎರಡನೆಯದು ಕಂಪನಿ ನಾಟಕಗಳು. ರಂಗದ ಮೇಲೆ ರಾಗ ಹಾಡಬಲ್ಲ ನಟರಿಗೆ ಹಳ್ಳಿ-ಪಟ್ಟಣಗಳಲ್ಲಿ ಬೇಡಿಕೆಯಿತ್ತು. ಮೂರನೆಯದು ಮಠಗಳ ಆಶ್ರಯ.

ಮಠದ ಆಶ್ರಯದಿಂದ ಬೆಳೆದವರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಶಿಷ್ಯರಾದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892-1944) ಪ್ರಮುಖರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಗ್ವಾಲಿಯರ್ ಪರಂಪರೆಯ ನೀಲಕಂಠಬುವಾ ಮಿರಜಕರ ಬಳಿ ಕಲಿತರು. ಊರೂರು ಸುತ್ತುತ್ತಲೇ ಸಂಗೀತ ಕಲಿಸುತ್ತಿದ್ದ ಅವರ ಶಾಲೆ ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಅವರ ನಂತರ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳು (1914-2010) ಕೂಡ ಅಂಧರು. ಹಾರ್ಮೋನಿಯಂ, ಸಾರಂಗಿ, ಪಿಟೀಲು, ತಬಲಾಗಳಲ್ಲಿ ನುರಿತವರು, ನಾಟಕಕಾರರು. 2010ರಲ್ಲಿ ಪದ್ಮಭೂಷಣ ಪಡೆದರು. ಅಂಧ ಮತ್ತು ಬಡ ಮಕ್ಕಳಿಗೆ ಊಟ, ವಸತಿ, ಸಂಗೀತ ಮೂರನ್ನೂ ಉಚಿತವಾಗಿ ಕೊಡುವ ಈ ಆಶ್ರಮದಿಂದ ಬಸವರಾಜ ರಾಜಗುರು, ಎಂ. ವೆಂಕಟೇಶಕುಮಾರ್ ಅವರಂಥ ಗಾಯಕರು ಬಂದರು. ಕಣ್ಣಿಲ್ಲದ ವಿದ್ಯಾರ್ಥಿಗೆ ಬರಹದ ಸ್ವರಲಿಪಿಗಿಂತ ಕಿವಿ ಮತ್ತು ನೆನಪೇ ಪಾಠಪುಸ್ತಕ. ಒಂದೇ ಪಲುಕನ್ನು ಗಂಟೆಗಟ್ಟಲೆ ತಿದ್ದಿ ತೀಡುವ ರಿಯಾಜು ಇಲ್ಲಿಯ ಶಿಕ್ಷಣದ ತಳಹದಿ.

ಭೀಮಸೇನ ಜೋಶಿ (1922-2011) ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದರು. ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ವಾದ್ಯಮೇಳದ ಮೆರವಣಿಗೆಯ ಹಿಂದೆ ಹೋಗಿ ಎಲ್ಲೋ ನಿದ್ದೆ ಹೋಗುತ್ತಿದ್ದ ಮಗನನ್ನು ಜನ ಮನೆಗೆ ತಲುಪಿಸಲೆಂದು, ಅಂಗಿಯ ಮೇಲೆ ಜೋಶಿ ಮಾಸ್ತರರ ಮಗನೆಂದು ಅವರು ಬರೆದಿದ್ದರೆಂಬ ಕಥೆ ಪ್ರಸಿದ್ಧವಾಗಿದೆ. ಗದಗ ತಾಲ್ಲೂಕಿನ ಕುರ್ತಕೋಟಿಯ ಚನ್ನಪ್ಪನವರು ಭೀಮಸೇನರ ಮೊದಲ ಗುರುಗಳು. ಅಬ್ದುಲ್ ಕರೀಂಖಾನರ ಝಿಂಝೋಟಿ ಠುಮ್ರಿಯ ಧ್ವನಿಮುದ್ರಿಕೆ ಕೇಳಿ, 1933ರಲ್ಲಿ ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಗ್ವಾಲಿಯರ್, ಕಲ್ಕತ್ತ, ಜಲಂಧರ ಸುತ್ತಿ ಬಂದ ಮೇಲೆ ಗುರು ಸಿಕ್ಕಿದ್ದು ಊರಿಗೆ ಸಮೀಪದ ಕುಂದಗೋಳದಲ್ಲಿ: 1936ರಲ್ಲಿ ಕರೀಂಖಾನರ ಶಿಷ್ಯ ಸವಾಯಿ ಗಂಧರ್ವರು ಅವರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು.

ಕಿರಾಣಾದ ಎರಡು ಕವಲು

ಕಿರಾಣಾ ಘರಾನೆಗೆ ಉತ್ತರ ಪ್ರದೇಶದ ಕೈರಾನಾ ಊರಿನಿಂದ ಹೆಸರು ಬಂದಿದೆ. ಅದರ ಆಧುನಿಕ ರೂಪಕ್ಕೆ ಕಾರಣರಾದವರು ಅಬ್ದುಲ್ ಕರೀಂಖಾನ್ (1872-1937) ಮತ್ತು ಅವರ ಬಂಧು ಅಬ್ದುಲ್ ವಹೀದ್‌ಖಾನ್ (ನಿಧನ 1949). ಸ್ವರದ ಶುದ್ಧತೆ ಮತ್ತು ಒಂದೊಂದೇ ಸ್ವರವನ್ನು ಬೆಳೆಸುತ್ತ ರಾಗವನ್ನು ಬಿಡಿಸುವ ಬಢತ್ ಇಬ್ಬರಿಗೂ ಸಮಾನ. ಗುಣದಲ್ಲಿ ಮಾತ್ರ ಭೇದವಿದೆ. ಕರೀಂಖಾನರದು ಭಾವುಕತೆ, ಇಂಪು, ಠುಮ್ರಿಯ ಒಲವು. ಮೈಸೂರು ಆಸ್ಥಾನದ ಸಂಪರ್ಕದಿಂದ ಕರ್ನಾಟಕ ಸಂಗೀತದ ಛಾಯೆಯೂ ಅವರ ಗಾಯನಕ್ಕೆ ಬಂತು. ವಹೀದ್‌ಖಾನರದು ಅತಿ ವಿಲಂಬಿತದ ಮಾರ್ಗ. ಮಂದ್ರದಲ್ಲಿ ಆರಂಭಿಸಿದರೆ ಮೇಲಿನ ಷಡ್ಜಕ್ಕೆ ಬರಲು ಅವರಿಗೆ ಅವಸರವಿರಲಿಲ್ಲ. ಕಿವಿ ಮಂದವಾಗಿದ್ದುದರಿಂದ ಅವರನ್ನು 'ಬೆಹರೆ' ವಹೀದ್‌ಖಾನ್ ಎಂದು ಕರೆಯುತ್ತಿದ್ದರು.

ಕರೀಂಖಾನರಿಂದ ಸವಾಯಿ ಗಂಧರ್ವರಿಗೆ (ರಾಮಭಾವು ಕುಂದಗೋಳಕರ, 1886-1952), ಅವರಿಂದ ಗಂಗೂಬಾಯಿ ಹಾನಗಲ್ಲ (1913-2009) ಮತ್ತು ಭೀಮಸೇನ ಜೋಶಿಯವರಿಗೆ ಬಂದ ಸಾಲು ಕನ್ನಡ ನಾಡಿನ ಕವಲು. ಗಂಗೂಬಾಯಿ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಕೆಲವೇ ಪಲುಕುಗಳನ್ನು ದಿನಗಟ್ಟಲೆ ಹಾಡಿಸುವ ಗುರುವಿನ ಪದ್ಧತಿಯನ್ನು ಅವರು ತಮ್ಮ ನೆನಪುಗಳಲ್ಲಿ ಹೇಳಿದ್ದಾರೆ.

ವಹೀದ್‌ಖಾನರ ಬಳಿ ಲಾಹೋರಿನಲ್ಲಿ ಕಲಿತ ಪ್ರಾಣನಾಥ್ (1918-1996) ಅಮೆರಿಕದ ಕವಲಿಗೆ ಮೂಲಪುರುಷ. ದೆಹಲಿ ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷ ಕಲಿಸಿದ ಅವರಿಗೆ ಭಾರತದಲ್ಲಿ ಹೆಚ್ಚಿನ ಕೀರ್ತಿ ಸಿಗಲಿಲ್ಲ. ಅವರ ಧ್ವನಿಮುದ್ರಣವನ್ನು ಕೇಳಿದ ಯಂಗ್ ಮತ್ತು ಆತನ ಪತ್ನಿ, ಚಿತ್ರಕಲಾವಿದೆ ಮರಿಯನ್ ಜಜೀಲಾ 1970ರಲ್ಲಿ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡರು. ಯಂಗ್, ಜಜೀಲಾ, ರೈಲಿ ಮೂವರೂ ಶಿಷ್ಯರಾಗಿ, ತಂಬೂರಿ ಮೀಟಿ, ಗುರುಸೇವೆ ಮಾಡುತ್ತ ದಶಕಗಳ ಕಾಲ ಕಲಿತರು. ರೈಲಿ ತಬಲಾ ಸಾಥಿಯನ್ನೂ ಕೊಡುತ್ತಿದ್ದನು. ಪ್ರಾಣನಾಥರು 1972ರಲ್ಲಿ ನ್ಯೂಯಾರ್ಕಿನಲ್ಲಿ ಕಿರಾಣಾ ಕೇಂದ್ರವನ್ನು ಸ್ಥಾಪಿಸಿದರು. ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನಲ್ಲೂ ಕಲಿಸಿದರು. ತುತ್ತೂರಿ ವಾದಕ ಜಾನ್ ಹ್ಯಾಸೆಲ್, ಗಿಟಾರ್ ರಚನಕಾರ ರೀಸ್ ಚಾಥಮ್, ಜಾಜ್ ಕಲಾವಿದ ಡಾನ್ ಚೆರ್ರಿ ಅವರಿಂದ ಕಲಿತವರಲ್ಲಿ ಸೇರಿದ್ದಾರೆ.

ಕಾಲಕ್ರಮವನ್ನು ಇಲ್ಲಿ ಗಮನಿಸಬೇಕು. ಯಂಗ್‌ನ ದೀರ್ಘಸ್ವರದ ಕೃತಿ 1958ರದು, ರೈಲಿಯ 'ಇನ್ ಸಿ' 1964ರದು. ಪ್ರಾಣನಾಥರ ಆಗಮನ 1970ರಲ್ಲಿ. ಆದ್ದರಿಂದ ಕಿರಾಣಾ ಗಾಯನವೇ ಮಿನಿಮಲಿಸಂಗೆ ಜನ್ಮ ಕೊಟ್ಟಿತೆನ್ನುವುದು ಸರಿಯಲ್ಲ. ಅಲಿ ಅಕ್ಬರ್‌ಖಾನ್ ಮತ್ತು ರವಿಶಂಕರರ ಧ್ವನಿಮುದ್ರಿಕೆಗಳಿಂದ ಭಾರತೀಯ ಸಂಗೀತ ಯಂಗ್ ಮತ್ತು ರೈಲಿಯ ಕಿವಿಗೆ ಮೊದಲೇ ಬಿದ್ದಿತ್ತು. ಕಿರಾಣಾ ಅವರಿಗೆ ಕೊಟ್ಟದ್ದು ಶಿಸ್ತು: ಸ್ವರವನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು, ಯಾವ ಶ್ರುತಿಸ್ಥಾನದಲ್ಲಿ ಎಂಬ ತಿಳಿವಳಿಕೆ.

ತಂಬೂರಿ ಮತ್ತು ಸ್ವರಾಂತರ

ಎರಡೂ ಕವಲುಗಳಿಗೆ ಸಮಾನವಾದ ವಾದ್ಯ ತಂಬೂರಿ. ನಾಲ್ಕು ತಂತಿಗಳಲ್ಲಿ ಒಂದು ಪಂಚಮ, ಎರಡು ಮಧ್ಯ ಷಡ್ಜ, ಒಂದು ಖರ್ಜ (ಮಂದ್ರ ಷಡ್ಜ). ಪಂಚಮವಿಲ್ಲದ ಮಾರವಾ, ಪೂರಿಯಾದಂಥ ರಾಗಗಳಿಗೆ ಮೊದಲ ತಂತಿಯನ್ನು ನಿಷಾದಕ್ಕೆ ಕೂಡಿಸುತ್ತಾರೆ. ಅಗಲವಾದ ಕುದುರೆಯ ಮೇಲೆ ತಂತಿಯ ಕೆಳಗೆ ನವಿರಾದ ದಾರವನ್ನು ಸರಿಯಾದ ಜಾಗದಲ್ಲಿ ಕೂಡಿಸಿದಾಗ ಜವಾರಿ ತೆರೆಯುತ್ತದೆ. ಆಗ ಮೂಲಸ್ವರದ ಜೊತೆಗೆ ಅದರ ಉಪಸ್ವರಗಳೂ ಒಂದಾದ ಮೇಲೊಂದರಂತೆ ಕೇಳುತ್ತವೆ. ಮೂಲಸ್ವರವನ್ನೇ ಮೊದಲನೆಯದೆಂದು ಎಣಿಸಿದರೆ, ಖರ್ಜದ ತಂತಿಯ ಐದನೆಯ ಉಪಸ್ವರವೇ ಯಾರೂ ಮೀಟದೆಯೂ ಮೂಡುವ ಗಾಂಧಾರ.

ಈ ಸಹಜ ಗಾಂಧಾರಕ್ಕೂ ಪಿಯಾನೋದ ಗಾಂಧಾರಕ್ಕೂ ಅಂತರವಿದೆ. ಒಂದು ಸಪ್ತಕವನ್ನು 1200 ಸೆಂಟುಗಳಾಗಿ ಅಳೆದರೆ, 5:4ರ ಅನುಪಾತದ ಸಹಜ ಗಾಂಧಾರ ಸುಮಾರು 386ರಲ್ಲಿದೆ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುವ ಪಿಯಾನೋದಲ್ಲಿ ಅದು 400ರಲ್ಲಿದೆ. ಪಂಚಮದ ಅಂತರ ಕೇವಲ 2 ಸೆಂಟು, 702 ಮತ್ತು 700. ಹಾರ್ಮೋನಿಯಂಗೂ ಪಿಯಾನೋದ್ದೇ ದೋಷ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಮೇಲೆ ಹೇರಿದ ನಿಷೇಧ 1971ರವರೆಗೆ ಮುಂದುವರಿದುದಕ್ಕೆ ಇದೂ ಒಂದು ಕಾರಣ. ಆದರೂ ಗದಗ, ಹುಬ್ಬಳ್ಳಿ ಕಡೆಯ ಬೈಠಕ್ಕುಗಳಲ್ಲಿ, ಭಜನೆ-ನಾಟಕಗಳಲ್ಲಿ ಹಾರ್ಮೋನಿಯಂ ಇಲ್ಲದೆ ಸಾಥಿಯೇ ಇಲ್ಲವೆಂಬಷ್ಟು ಅದು ರೂಢಿಯಾಗಿದೆ. ಪುಟ್ಟರಾಜ ಗವಾಯಿಗಳೇ ಅದರ ಹೆಸರಾಂತ ವಾದಕರಾಗಿದ್ದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಾಂಗಲಿಯ ಕೆ. ಬಿ. ದೇವಲ್ ಮತ್ತು ಬ್ರಿಟಿಷ್ ಅಧಿಕಾರಿ ಇ. ಕ್ಲೆಮೆಂಟ್ಸ್ ಶ್ರುತಿಗಳನ್ನು ಅಳೆಯಲು ಹೊರಟಾಗ ಅವರಿಗೆ ಸ್ವರಸ್ಥಾನಗಳನ್ನು ಹಾಡಿ ತೋರಿಸಿದವರು ಅಬ್ದುಲ್ ಕರೀಂಖಾನರು. ದೇವಲ್ ಮತ್ತು ಕ್ಲೆಮೆಂಟ್ಸರ 22 ಶ್ರುತಿಗಳ ಹಾರ್ಮೋನಿಯಂ 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ವಿದ್ವಾಂಸರ ಒಪ್ಪಿಗೆ ಪಡೆಯಲಿಲ್ಲ. ಅರ್ಧ ಶತಮಾನದ ಬಳಿಕ ಯಂಗ್ ಇದೇ ಪ್ರಶ್ನೆಯನ್ನು ಪಿಯಾನೋದ ಮೇಲೆ ಎತ್ತಿದನು. 1964ರಲ್ಲಿ ಆರಂಭಿಸಿ ದಶಕಗಳ ಕಾಲ ಬೆಳೆಸಿದ 'ವೆಲ್-ಟ್ಯೂನ್ಡ್ ಪಿಯಾನೋ' ಕೃತಿಗಾಗಿ ವಾದ್ಯದ ತಂತಿಗಳನ್ನೆಲ್ಲ ಸಹಜ ಅನುಪಾತಗಳಿಗೆ ಮರುಶ್ರುತಿ ಮಾಡಿದನು. ಅದರ ಒಂದು ಪ್ರಯೋಗ ಐದಾರು ಗಂಟೆ ನಡೆಯುತ್ತದೆ. ವಿದ್ಯುತ್ ಯಂತ್ರಗಳಿಂದ ಬಿಡದೆ ಸ್ವರ ಮೊಳಗುವ, ಬಣ್ಣದ ಬೆಳಕಿನ 'ಡ್ರೀಮ್ ಹೌಸ್' ಎಂಬ ಕೋಣೆಗಳನ್ನು ಯಂಗ್ ಮತ್ತು ಜಜೀಲಾ ರಚಿಸಿದರು.

ತಾಳದ ಹಾದಿ

ಗ್ಲಾಸ್‌ಗೆ ಭಾರತೀಯ ಸಂಗೀತ ದೊರಕಿದ್ದು ಕಿರಾಣಾದಿಂದಲ್ಲ, ರವಿಶಂಕರರ ಮೈಹರ್ ಪರಂಪರೆಯಿಂದ. 1960ರ ದಶಕದ ನಡುವೆ ಪ್ಯಾರಿಸ್ಸಿನಲ್ಲಿ ಒಂದು ಚಲನಚಿತ್ರಕ್ಕಾಗಿ ರವಿಶಂಕರರ ಸಂಗೀತವನ್ನು ಪಾಶ್ಚಾತ್ಯ ಸ್ವರಲಿಪಿಗೆ ಇಳಿಸುವ ಕೆಲಸ ಅವನಿಗೆ ಸಿಕ್ಕಿತು. ಅಳತೆಗೆರೆಗಳ ನಡುವೆ ಸ್ವರಗಳನ್ನು ತುಂಬಲು ಹೋಗಿ ಒತ್ತುಗಳು ತಪ್ಪಿದಾಗ, ತಬಲಾ ವಾದಕ ಅಲ್ಲಾ ರಖಾ ಅವನಿಗೆ ಎಣಿಕೆಯ ಮೂಲವನ್ನು ತೋರಿಸಿದರು: ಲಯವನ್ನು ಭಾಗಿಸಿ ಪಡೆಯುವುದಕ್ಕಿಂತ ಎರಡು-ಮೂರು ಮಾತ್ರೆಯ ತುಣುಕುಗಳನ್ನು ಕೂಡಿಸಿ ಆವರ್ತನ ಕಟ್ಟುವುದು. ಈ ಕೂಡಿಕೆಯ ಕ್ರಮ 'ಐನ್‌ಸ್ಟೈನ್ ಆನ್ ದ ಬೀಚ್' (1976) ಎಂಬ ಅವನ ಗೀತನಾಟಕಕ್ಕೆ ಆಧಾರ. ಗಾಂಧೀಜಿಯ ದಕ್ಷಿಣ ಆಫ್ರಿಕಾದ ದಿನಗಳನ್ನು ಕುರಿತ 'ಸತ್ಯಾಗ್ರಹ' (1980) ಗೀತನಾಟಕದ ಪಠ್ಯವೆಲ್ಲ ಸಂಸ್ಕೃತದ ಭಗವದ್ಗೀತೆಯಿಂದ ಆಯ್ದದ್ದು. 1990ರಲ್ಲಿ ಗ್ಲಾಸ್ ಮತ್ತು ರವಿಶಂಕರ್ ಸೇರಿ 'ಪ್ಯಾಸೇಜಸ್' ಧ್ವನಿಮುದ್ರಿಕೆ ತಂದರು.

ಇದೇ ಮೈಹರ್ ಪರಂಪರೆಯ ಕನ್ನಡಿಗ ಸರೋದ್ ವಾದಕ ರಾಜೀವ ತಾರಾನಾಥ (1932-2024) ಕ್ಯಾಲಿಫೋರ್ನಿಯಾ ಕಲಾ ಸಂಸ್ಥೆಯಲ್ಲಿ ಹತ್ತು ವರ್ಷ ಕಾಲ ಬೋಧಿಸಿದರು. 'ಸಂಸ್ಕಾರ' (1970) ಚಿತ್ರಕ್ಕೆ ಸಂಗೀತ ಕೊಟ್ಟವರೂ ಅವರೇ.

ರೈಶ್‌ನ ಮಾದರಿಗಳು ಘಾನಾದ ಡ್ರಮ್ಮುಗಳು ಮತ್ತು ಬಾಲಿಯ ಗಮೆಲಾನ್. ಪರದೇಶದ ವಾದ್ಯದ ನಾದವನ್ನು ಅನುಕರಿಸುವುದಕ್ಕಿಂತ ಅದರ ರಚನಾಕ್ರಮವನ್ನು ಅರಿತು ತನ್ನ ವಾದ್ಯಗಳಿಗೆ ಅಳವಡಿಸಬೇಕೆಂಬುದು ಅವನ ನಿಲುವು. 1976ರಲ್ಲಿ ಮೊದಲು ಪ್ರಯೋಗವಾದ 'ಮ್ಯೂಸಿಕ್ ಫಾರ್ 18 ಮ್ಯುಸಿಷಿಯನ್ಸ್' ಈ ಧಾರೆಯ ಶಿಖರವೆನ್ನಲಾಗುತ್ತದೆ.

ಟೆಕ್ನೋ

ಟೆಕ್ನೋ 1980ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಕರಿಯ ಯುವಕರಿಂದ ಹುಟ್ಟಿತು. ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಅದರ ಪ್ರವರ್ತಕರು. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡದ ಯಂತ್ರಸಂಗೀತ ಅವರ ಸ್ಫೂರ್ತಿಗಳಲ್ಲಿ ಒಂದು. 1988ರ ಒಂದು ಸಂಕಲನದಿಂದ ಹೆಸರು ನೆಲೆ ನಿಂತಿತು. ಜಪಾನಿನ ರೋಲಂಡ್ ಕಂಪನಿಯ 808 ಮತ್ತು 909 ತಾಳಯಂತ್ರಗಳು ಇದರ ಮುಖ್ಯ ವಾದ್ಯಗಳು. ನಿಮಿಷಕ್ಕೆ ಸಾಮಾನ್ಯವಾಗಿ 120ರಿಂದ 150 ಪೆಟ್ಟು, ನಾಲ್ಕು ಮಾತ್ರೆಗೂ ಸಮವಾಗಿ ಬೀಳುವ ದಪ್ಪ ಡ್ರಮ್ಮು, ಅದರ ಮೇಲೆ ಪದರ ಪದರವಾಗಿ ಸೇರುವ, ಕಳಚುವ ಚಿಕ್ಕ ಆವೃತ್ತಿಗಳು ಇದರ ಚೌಕಟ್ಟು. ರಾಬರ್ಟ್ ಹುಡ್‌ನ 1994ರ ಧ್ವನಿಮುದ್ರಿಕೆಯಿಂದ ಮಿನಿಮಲ್ ಟೆಕ್ನೋ ಎಂಬ ಉಪಪ್ರಕಾರ ಬಲಗೊಂಡಿತು.

ರಾಗಕ್ಕೂ ಈ ಯಂತ್ರಗಳಿಗೂ ಮೊದಲ ಭೇಟಿ ಆದದ್ದು ಮುಂಬಯಿಯಲ್ಲಿ. ಹಿಂದಿ ಚಿತ್ರಗಳ ವಾದಕ ಚರಣಜಿತ್ ಸಿಂಗ್ 1982ರಲ್ಲಿ ರೋಲಂಡ್‌ನ 808 ತಾಳಯಂತ್ರ, 303 ಬಾಸ್ ಯಂತ್ರಗಳನ್ನು ಬಳಸಿ ಹತ್ತು ರಾಗಗಳ ಧ್ವನಿಮುದ್ರಿಕೆಯೊಂದನ್ನು ತಂದರು. ಆಗ ಅದು ಮಾರಾಟವಾಗಲಿಲ್ಲ. ಶಿಕಾಗೋದಲ್ಲಿ ಇದೇ 303ರ ತಿರುಚಿದ ನಾದದಿಂದ 1987ರಲ್ಲಿ ಆಸಿಡ್ ಹೌಸ್ ಪ್ರಕಾರ ಪ್ರಸಿದ್ಧಿಗೆ ಬಂತು. ಸಿಂಗರ ಕೃತಿ 2010ರಲ್ಲಿ ಮರುಬಿಡುಗಡೆಯಾದಾಗ ಅದು ಐದು ವರ್ಷ ಮುಂಚಿನದೆಂದು ಜಗತ್ತಿಗೆ ತಿಳಿಯಿತು. ಅದಕ್ಕೂ ಮುಂಚೆ, 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ನೆರವಿನಿಂದ ಮೂಗ್ ಸಿಂಥಸೈಜರಿನ ಸ್ಟುಡಿಯೋ ಆರಂಭವಾಗಿ, ಗೀತಾ ಸಾರಾಭಾಯಿ ಮುಂತಾದವರು ಅಲ್ಲಿ ಪ್ರಯೋಗಗಳನ್ನು ಮಾಡಿದ್ದರು.

ಸಮಕಾಲೀನ ರಚನೆಯ ಮೇಲೆ ಪ್ರಭಾವ

ಪ್ರಭಾವವನ್ನು ನಾಲ್ಕು ಬಗೆಯಾಗಿ ಗುರುತಿಸಬಹುದು.

ಮೊದಲನೆಯದು ಆಧಾರಸ್ವರ ಮತ್ತು ಸ್ಥಿರಲಯದ ಮರಳುವಿಕೆ. ಜಾನ್ ಆಡಮ್ಸ್‌ನ 'ಶೇಕರ್ ಲೂಪ್ಸ್' (1978) ಮತ್ತು 'ನಿಕ್ಸನ್ ಇನ್ ಚೈನಾ' (1987) ಮಿನಿಮಲಿಸಂನ ಮಿಡಿತವನ್ನು ತಂತಿವಾದ್ಯಗಳ ಮೇಳಕ್ಕೂ ಗೀತನಾಟಕಕ್ಕೂ ತಂದವು. ಎಸ್ಟೋನಿಯಾದ ಆರ್ವೊ ಪ್ಯಾರ್ಟ್ 1976ರಿಂದ ರೂಢಿಸಿದ ಶೈಲಿಯಲ್ಲಿ ಒಂದು ಧ್ವನಿ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ, ಇನ್ನೊಂದು ಆಧಾರಸ್ವರಮೇಳವನ್ನು ಬಿಟ್ಟು ಕದಲುವುದಿಲ್ಲ. ನ್ಯೂಯಾರ್ಕಿನಲ್ಲಿ 1987ರಲ್ಲಿ ಜೂಲಿಯಾ ವುಲ್ಫ್, ಡೇವಿಡ್ ಲ್ಯಾಂಗ್, ಮೈಕೆಲ್ ಗಾರ್ಡನ್ ಆರಂಭಿಸಿದ ಬ್ಯಾಂಗ್ ಆನ್ ಎ ಕ್ಯಾನ್ ಬಳಗ ಇದಕ್ಕೆ ರಾಕ್ ಸಂಗೀತದ ಬಿರುಸನ್ನು ಸೇರಿಸಿತು.

ಎರಡನೆಯದು ಕುಣಿತದ ಮನೆಯ ಅನುಭವವನ್ನು ವಾದ್ಯವೃಂದಕ್ಕೆ ಬರೆಯುವುದು. ಥಾಮಸ್ ಆಡೆಸ್‌ನ 'ಅಸೈಲಾ' (1997) ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಮೂರನೆಯ ಭಾಗ ಟೆಕ್ನೋದ ಪೆಟ್ಟನ್ನೂ ಉಬ್ಬರವನ್ನೂ ಯಂತ್ರವಿಲ್ಲದೆ, ಕೈವಾದ್ಯಗಳಿಂದಲೇ ಮೂಡಿಸುತ್ತದೆ.

ಮೂರನೆಯದು ಯಂತ್ರವನ್ನೇ ವೇದಿಕೆಗೆ ತರುವುದು. ಗೇಬ್ರಿಯಲ್ ಪ್ರೊಕೋಫೀವ್ ತಿರುಗುಮೇಜು ಮತ್ತು ವಾದ್ಯವೃಂದಕ್ಕೆ ಕನ್ಸರ್ಟೋ ಬರೆದನು. ಸ್ವತಃ ಡಿಜೆಯಾದ ಮೇಸನ್ ಬೇಟ್ಸ್ ವಾದ್ಯವೃಂದದ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ನುಡಿಸುತ್ತಾನೆ. ಡೆಟ್ರಾಯಿಟ್‌ನ ಜೆಫ್ ಮಿಲ್ಸ್ 2005ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ವಾದ್ಯವೃಂದದೊಂದಿಗೆ ತನ್ನ ಟೆಕ್ನೋ ಕೃತಿಗಳನ್ನು ಪ್ರಯೋಗಿಸಿದನು.

ನಾಲ್ಕನೆಯದು ಹಳೆಯ ಕೃತಿಯನ್ನು ಕತ್ತರಿಸಿ, ಸುತ್ತಿಸಿ ಮರುರಚಿಸುವ ಕ್ರಮ. ಮ್ಯಾಕ್ಸ್ ರಿಕ್ಟರ್ 2012ರಲ್ಲಿ ವಿವಾಲ್ಡಿಯ 'ಫೋರ್ ಸೀಸನ್ಸ್' ಅನ್ನು ಹೀಗೆ ಮತ್ತೆ ಬರೆದನು. ಅವನ 'ಸ್ಲೀಪ್' (2015) ಎಂಟು ಗಂಟೆಗೂ ಮೀರಿದ್ದು, ಕೇಳುಗರು ಮಲಗಿಯೇ ಕೇಳುವ ಕಛೇರಿ. ಕೊಡುಕೊಳು ಎರಡೂ ಕಡೆಯಿಂದ ನಡೆದಿದೆ. ದಿ ಆರ್ಬ್ ತಂಡ 1990ರಲ್ಲಿ ರೈಶ್‌ನ ಗಿಟಾರ್ ಕೃತಿಯ ತುಣುಕನ್ನು ತನ್ನ ಕುಣಿತದ ಹಾಡಿಗೆ ಬಳಸಿತು. ಗ್ಲಾಸ್ 1995ರಲ್ಲಿ ಏಫೆಕ್ಸ್ ಟ್ವಿನ್‌ನ ಯಂತ್ರಕೃತಿಯನ್ನು ವಾದ್ಯವೃಂದಕ್ಕೆ ಬರೆದುಕೊಟ್ಟನು. 1999ರಲ್ಲಿ ಹಲವು ಡಿಜೆಗಳು ಸೇರಿ ರೈಶ್‌ನ ಕೃತಿಗಳ ರೀಮಿಕ್ಸ್ ಸಂಕಲನ ತಂದರು.

ಕರ್ನಾಟಕದಲ್ಲಿ ಯಂತ್ರದ ಶ್ರುತಿ-ತಾಳ

ಬರೆದಿಟ್ಟ ಸ್ವರಲಿಪಿಯಿಂದ ವಾದ್ಯವೃಂದ ನುಡಿಸುವ ರೂಢಿ ಗದಗ ಸೀಮೆಯ ಶಾಸ್ತ್ರೀಯ ಸಂಗೀತದಲ್ಲಿ ಇಲ್ಲ. ಹಾಗಾಗಿ ಮೇಲಿನ ಪ್ರಭಾವ ಇಲ್ಲಿಗೆ ಅದೇ ರೂಪದಲ್ಲಿ ಬಂದಿಲ್ಲ. ಇಲ್ಲಿ ಬಂದದ್ದು ಯಂತ್ರ. ಎಂಜಿನಿಯರ್ ಹಾಗೂ ಕೊಳಲುವಾದಕರಾದ ಜಿ. ರಾಜನಾರಾಯಣ್ 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಡೆಲ್ ಕಂಪನಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆ, ತಂಬೂರಿ, ತಾಳಯಂತ್ರಗಳನ್ನು ದೇಶದಾದ್ಯಂತ ಹರಡಿತು. ಮೀಟುವ ಶಿಷ್ಯರಿಲ್ಲದ ಮನೆಯಲ್ಲೂ ರಿಯಾಜು ಸಾಧ್ಯವಾಯಿತು. ಈಗ ಮೊಬೈಲಿನ ಆ್ಯಪ್ ಅದೇ ಕೆಲಸ ಮಾಡುತ್ತದೆ.

ಇದರಿಂದ ಕಲಿಕೆಯ ಕ್ರಮ ಬದಲಾಯಿತು. ಗುರುವಿನ ಹಿಂದೆ ಕುಳಿತು ಗಂಟೆಗಟ್ಟಲೆ ತಂಬೂರಿ ಮೀಟುವುದು ಶಿಷ್ಯನಿಗೆ ಸ್ವರದ ಮೊದಲ ಪಾಠವಾಗಿತ್ತು. ತಂತಿ ಸಡಿಲಾದುದನ್ನು ಕಿವಿಯೇ ಕಂಡುಹಿಡಿಯಬೇಕಿತ್ತು. ಯಂತ್ರದ ಶ್ರುತಿ ಸಡಿಲವಾಗುವುದಿಲ್ಲ, ಆದ್ದರಿಂದ ಆ ಪಾಠವೂ ಇಲ್ಲ. ತಾಳಯಂತ್ರದ ಠೇಕಾ ಗಾಯಕನ ಉಸಿರಿಗೆ ಕಾಯುವುದಿಲ್ಲ. ಯಂತ್ರದ ಈ ಅಚಲತೆಯಿಂದಲೇ ಟೆಕ್ನೋ ಕಲಾವಿದರು ತಮ್ಮ ಕಲೆಯನ್ನು ಕಟ್ಟಿದರು. ಹಿಂದುಸ್ತಾನಿ ಗಾಯಕರು ಅದನ್ನು ರಿಯಾಜಿನ ಅನುಕೂಲವೆಂದಷ್ಟೇ ಇಟ್ಟುಕೊಂಡು, ಬೈಠಕ್ಕಿನಲ್ಲಿ ತಬಲಾಜಿಯನ್ನೇ ಕೂರಿಸಿಕೊಳ್ಳುತ್ತಾರೆ.

ಯಂತ್ರದ ಹೊರತಾಗಿ, ಕನ್ನಡ ರಂಗಸಂಗೀತದಲ್ಲಿ ಅಲ್ಪದಿಂದ ಹೆಚ್ಚನ್ನು ಸಾಧಿಸುವ ಪ್ರಯತ್ನ ಬಿ. ವಿ. ಕಾರಂತರದು (1929-2002). 'ಚೋಮನ ದುಡಿ' (1975), 'ಘಟಶ್ರಾದ್ಧ' (1977) ಚಿತ್ರಗಳಿಗೂ ಅನೇಕ ನಾಟಕಗಳಿಗೂ ಅವರು ಮಾಡಿದ ಸಂಗೀತದಲ್ಲಿ ದಿನಬಳಕೆಯ ವಸ್ತುಗಳ ಸದ್ದು, ಒಂದೆರಡು ವಾದ್ಯ, ಮೌನ ಇವೇ ಬಂಡವಾಳ. ಅದರ ಮೂಲ ಅಮೆರಿಕವಲ್ಲ, ಯಕ್ಷಗಾನ ಮತ್ತು ಕಂಪನಿ ನಾಟಕ.

ಜನಪದದ ಪುನರಾವೃತ್ತಿ

ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಶ್ರುತಿ ಮತ್ತು ಆವರ್ತನದ ಸಂಗೀತ ಶಾಸ್ತ್ರೀಯಕ್ಕಿಂತ ಹಳೆಯದು. ತತ್ವಪದಗಳನ್ನು ಏಕತಾರಿಯ ಒಂದೇ ಸ್ವರ, ದಿಮ್ಮು ಮತ್ತು ತಾಳದೊಂದಿಗೆ ಹಾಡುತ್ತಾರೆ. ಶಿರಹಟ್ಟಿ, ಲಕ್ಷ್ಮೇಶ್ವರಗಳಿಗೆ ಸಮೀಪದ ಶಿಶುನಾಳದ ಶರೀಫ ಸಾಹೇಬರ (1819-1889) ಪದಗಳು ಇಲ್ಲಿಯ ಭಜನಾ ಮಂಡಳಿಗಳ ನಿತ್ಯದ ಸರಕು. ಪಲ್ಲವಿಯನ್ನು ಮುಮ್ಮೇಳ ಹಾಡಿ ಹಿಮ್ಮೇಳ ಹಿಡಿಯುತ್ತ, ಸುತ್ತು ಸುತ್ತಿಗೂ ಲಯ ಏರುತ್ತದೆ. ಗೀಗೀ ಪದದಲ್ಲಿ ಡಪ್ಪು, ತುಂತುಣಿಗಳ ಬಿಡದ ಮಿಡಿತದ ಮೇಲೆ ಸವಾಲ್-ಜವಾಬು ನಡೆಯುತ್ತದೆ. ಕರಡಿ ಮಜಲಿನಲ್ಲಿ ಒಂದು ಸನಾದಿ ರಾಗ ನುಡಿಸಿದರೆ ಇನ್ನೊಂದು ಶ್ರುತಿ ಹಿಡಿಯುತ್ತದೆ. ಕರಡಿಯ ಪೆಟ್ಟು ಹಂತ ಹಂತವಾಗಿ ಇಮ್ಮಡಿಸುತ್ತದೆ. ಶ್ರಾವಣದಲ್ಲಿ ಗುಡಿಗಳಲ್ಲಿ ನಡೆಯುವ ಅಹೋರಾತ್ರಿ ಭಜನೆಯಲ್ಲಿ ಹಾಡುವವರು ಪಾಳಿಯ ಮೇಲೆ ಬದಲಾದರೂ ನಾಮ ನಿಲ್ಲುವುದಿಲ್ಲ. ಯಂಗ್ ಯಂತ್ರಗಳಿಂದ ಸಾಧಿಸಿದ ಎಡೆಬಿಡದ ನಾದವನ್ನು ಇಲ್ಲಿ ಊರಿನ ಜನ ತಮ್ಮ ಕೊರಳಿನಿಂದ ಸಾಧಿಸುತ್ತಾರೆ.

ಈ ಮೇಳಗಳಿಗೆ ಈಗ ಪೈಪೋಟಿ ಒಡ್ಡಿರುವುದು ಟೆಕ್ನೋದ ದೂರದ ಸಂತಾನವೇ ಆದ ಡಿಜೆ. ಗಣೇಶ ವಿಸರ್ಜನೆ, ಮದುವೆ, ಜಯಂತಿಗಳ ಮೆರವಣಿಗೆಯಲ್ಲಿ ಭಾವಗೀತೆ, ಜಾನಪದ ಗೀತೆ, ಸಿನಿಮಾ ಹಾಡುಗಳೆಲ್ಲಕ್ಕೂ ನಾಲ್ಕು ಪೆಟ್ಟಿನ ಒಂದೇ ಬಾಸು ಬೆರೆಸಿ ನುಡಿಸುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿವೆ. ಆ ವೇಳೆಯಲ್ಲಿ ಧ್ವನಿವರ್ಧಕವಿಲ್ಲದೆ ಹಾಡುವ ಭಜನೆ ಮಾತ್ರ ನಡೆಯಬಲ್ಲದು.

ಸಾಮ್ಯ ಮತ್ತು ಭೇದ

ಹೊರನೋಟಕ್ಕೆ ಕಿರಾಣಾ ಖಯಾಲ್, ಮಿನಿಮಲಿಸ್ಟ್ ಕೃತಿ, ಟೆಕ್ನೋ ಮೂರೂ ನಿಧಾನವಾಗಿ ಬೆಳೆಯುವ ಆವರ್ತನದ ಸಂಗೀತ. ಒಳಗಿನ ವ್ಯವಸ್ಥೆ ಬೇರೆ ಬೇರೆ. ಅತಿ ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆಯ ಒಂದು ಆವರ್ತನ ಸುಮಾರು ಒಂದು ನಿಮಿಷದವರೆಗೂ ಹಿಗ್ಗಬಲ್ಲದು. ಅದೇ ಅವಧಿಯಲ್ಲಿ ಟೆಕ್ನೋದ ನಾಲ್ಕು ಪೆಟ್ಟಿನ ಆವರ್ತನ 30ಕ್ಕೂ ಹೆಚ್ಚು ಸಲ ಸುತ್ತಿರುತ್ತದೆ. ಟೆಕ್ನೋದಲ್ಲಿ ಆವರ್ತನದೊಳಗಿನದು ಹಾಗೆಯೇ ಮರಳುತ್ತದೆ. ಬದಲಾಗುವುದು ಪದರಗಳು ಮತ್ತು ನಾದದ ಬಣ್ಣ. ಖಯಾಲಿನಲ್ಲಿ ಮರಳುವುದು ಸಮಕ್ಕೆ ಬರುವ ಮುಖಡಾ ಒಂದೇ. ಉಳಿದದ್ದು ಪ್ರತಿಸಲವೂ ಹೊಸದು. ರೈಶ್ 1968ರ ಲೇಖನದಲ್ಲಿ ಹೇಳಿದಂತೆ ಅವನ ಸಂಗೀತದಲ್ಲಿ ಒಮ್ಮೆ ಚಾಲೂ ಮಾಡಿದ ಪ್ರಕ್ರಿಯೆ ತಾನಾಗಿ ನಡೆಯುತ್ತದೆ. ರಾಗದಲ್ಲಿ ಮುಂದಿನ ಸ್ವರ ಯಾವಾಗ ಬರಬೇಕೆಂಬುದು ಗಾಯಕನ ತೀರ್ಮಾನ. ಭೀಮಸೇನರು ಮಂದ್ರದಿಂದ ತಾರಕ್ಕೆ ಏರುವಾಗ ಗಾಂಧಾರದಲ್ಲೋ ಪಂಚಮದಲ್ಲೋ ಕೇಳುಗರನ್ನು ಕಾಯಿಸುವುದು ಈ ತೀರ್ಮಾನದ ಫಲ.

ಇನ್ನೊಂದು ವಿಷಯ ಧ್ವನಿಮುದ್ರಣದ ಕಾಲಾವಧಿಯದು. ಅಬ್ದುಲ್ ಕರೀಂಖಾನರ 78 ವೇಗದ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷದಷ್ಟೇ ಹಾಡು ಹಿಡಿಯುತ್ತಿತ್ತು. ದೀರ್ಘಾವಧಿಯ ಎಲ್‌ಪಿ ಮತ್ತು ಟೇಪು ಬಂದ ಮೇಲೆಯೇ ವಿಲಂಬಿತ ಖಯಾಲ್ ಧ್ವನಿಮುದ್ರಿಕೆಯಲ್ಲಿ ಮೈ ಚಾಚಿತು. ಯಂಗ್, ರೈಲಿ ಕಡಲಾಚೆ ರಾಗಸಂಗೀತ ಕೇಳಿದ್ದೂ ಎಲ್‌ಪಿಯಿಂದ. ಟೇಪಿನ ಸುರುಳಿಯಿಂದಲೇ ರೈಶ್‌ನ ಮೊದಲ ಕೃತಿಗಳು ಹುಟ್ಟಿದವು.

ವಿಮರ್ಶೆ

ಮಿನಿಮಲಿಸಂ ಮೇಲಿನ ಆಕ್ಷೇಪಗಳು ಎರಡು ದಿಕ್ಕಿನಿಂದ ಬಂದಿವೆ. ಎಲಿಯಟ್ ಕಾರ್ಟರ್‌ನಂಥ ಹಿರಿಯ ಅಮೆರಿಕನ್ ರಚನಕಾರರು ಪುನರಾವೃತ್ತಿಯನ್ನು ಜಾಹೀರಾತಿನ ಬಡಬಡಿಕೆಯ ಸಾಲಿಗೆ ಸೇರಿಸಿದರು. ಹಿಂದುಸ್ತಾನಿ ರಸಿಕರ ಆಕ್ಷೇಪ ಬೇರೆ: ಶ್ರುತಿಯನ್ನು ಪಡೆದು ರಾಗದ ವ್ಯಾಕರಣ, ಬಂದಿಶ್, ಸಾಹಿತ್ಯಗಳನ್ನು ಬಿಟ್ಟ ಸಂಗೀತ ನೆಲೆಗಟ್ಟಿನಲ್ಲೇ ನಿಂತುಬಿಡುತ್ತದೆ ಎಂಬುದು. ಎರಡನೆಯ ಆಕ್ಷೇಪ ಯಂಗ್ ಮತ್ತು ರೈಲಿಗೆ ಪೂರ್ತಿ ಅನ್ವಯಿಸುವುದಿಲ್ಲ. ಇಬ್ಬರೂ ಗುರುಮುಖೇನ ರಾಗಗಳನ್ನು ಕಲಿತು ಹಾಡಿದವರು. ಶ್ರುತಿಯ ಗುಂಗನ್ನು ಹಿನ್ನೆಲೆಯ ಅಲಂಕಾರವಾಗಿ ಬಳಸುವ ನಂತರದ ಸಂಗೀತಕ್ಕೆ ಅದು ಹೆಚ್ಚು ಸಲ್ಲುತ್ತದೆ.

ಈ ವಿನಿಮಯದಲ್ಲಿ ಅಸಮತೆಯೂ ಇದೆ. ಪ್ರಾಣನಾಥರ ಹೆಸರು ಪಾಶ್ಚಾತ್ಯ ಸಂಗೀತ ಚರಿತ್ರೆಯಲ್ಲಿ ನೆಲೆ ನಿಂತಿದೆ. ಅದೇ ಘರಾನೆಯ ಕುಂದಗೋಳ-ಗದಗಿನ ಸಾಲು ಅಲ್ಲಿ ಹೆಚ್ಚಾಗಿ ಕಾಣಿಸುವುದಿಲ್ಲ. ಇಲ್ಲಿಯ ಸಂಗೀತ ಶಾಲೆಗಳಲ್ಲಿ ರೈಲಿ, ಯಂಗ್ ಹೆಸರು ಕೇಳಿದವರು ವಿರಳ.

ಇಂದಿನ ಸ್ಥಿತಿ

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಾಠ ಮುಂದುವರಿದಿದೆ. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಅಹೋರಾತ್ರಿ ಸಂಗೀತೋತ್ಸವ ನಡೆಯುತ್ತದೆ. ಗುರುವಿನ ನೆನಪಿಗೆ ಭೀಮಸೇನರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವ ದೇಶದ ದೊಡ್ಡ ಸಂಗೀತ ಸಮಾವೇಶಗಳಲ್ಲಿ ಒಂದಾಗಿದೆ. ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಜಪಾನಿನಲ್ಲಿ ನೆಲೆಸಿದ ರೈಲಿ ಅಲ್ಲಿಯ ಶಿಷ್ಯರಿಗೆ ಕಿರಾಣಾ ಪದ್ಧತಿಯ ರಾಗಗಳನ್ನು ಕಲಿಸಿದ್ದಾನೆ. ಹೀಗೆ ವಹೀದ್‌ಖಾನರ ಕವಲು ಅಮೆರಿಕದಿಂದ ಮತ್ತೆ ಏಷ್ಯಾಕ್ಕೆ ಬಂದಿದೆ. ಕರೀಂಖಾನರ ಕವಲು ಕನ್ನಡ ಮತ್ತು ಮರಾಠಿ ನೆಲದಲ್ಲೇ ಉಳಿದು, ವಚನ, ದಾಸರ ಪದ, ಅಭಂಗಗಳನ್ನು ತನ್ನದಾಗಿಸಿಕೊಂಡಿತು. ಮೊದಲನೆಯದು ಹೊಸ ರಚನಕಾರರನ್ನು ಸೃಷ್ಟಿಸಿತು, ಎರಡನೆಯದು ದೊಡ್ಡ ಶ್ರೋತೃವರ್ಗವನ್ನು.